ಜವಳಿಗೆ ಹೊರಟವರು

ಲಗ್ನ ನಿಶ್ಚಯವಾಯಿತೆಂದರೆ ಸಾಕು, ಮನೆಯಲ್ಲಿ ಮುಂದಿನ ಮಾತು ‘ಜವಳಿ ಎಲ್ಲೆ?’ ಶಿಗ್ಗಾವಿ, ಸವಣೂರಿನ ಮಂದಿಗೆ ಹುಬ್ಬಳ್ಳಿ. ಹಾನಗಲ್ಲಿನವರಿಗೂ ತಡಸದ ಮೇಲೆ ಅದೇ ಹುಬ್ಬಳ್ಳಿ. ಹಿರೇಕೆರೂರಿನವರ ಮುಖ ರಾಣೆಬೆನ್ನೂರು, ದಾವಣಗೆರೆಯತ್ತ. ಎರಡೂ ಕಡೆಯ ಬೀಗರು ಒಳ್ಳೆಯ ದಿನ ನೋಡಿ, ಕ್ರೂಸರ್ ಗಾಡಿ ಮಾಡಿಕೊಂಡು, ಯಾದಿ ಹಿಡಿದು ಹೊರಡುತ್ತಾರೆ.

ಹುಬ್ಬಳ್ಳಿಯ ಜವಳಿ ಸಾಲಿನ ಹಳೆಯ ಅಂಗಡಿಗಳಲ್ಲಿ ಚಪ್ಪಲಿ ಹೊರಗೆ, ಮಂದಿ ಗಾದಿಯ ಮೇಲೆ. ಚಹಾ ಬರುತ್ತದೆ, ಸೀರೆಗಳು ಒಂದರ ಮೇಲೊಂದು ಬಿಚ್ಚಿಕೊಳ್ಳುತ್ತವೆ. ಮೊದಲು ಮದುಮಗಳ ಧಾರೆ ಸೀರೆ, ಆಮೇಲೆ ಬೀಗರದು, ಕೊನೆಗೆ ಆಯೇರಿಯ ರಾಶಿ: ಸೀರೆ, ಕುಬಸದ ಖಣ, ಧೋತರ, ಪಟಗ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಎಳೆ ಜೋಡಿಸಿರುತ್ತಾರೆ. ಬಲ್ಲ ಹೆಂಗಸರ ಬೆರಳು ಮೊದಲು ಹೋಗುವುದು ಅಲ್ಲಿಗೇ. ‘ಈ ಬಣ್ಣ ನೋಡ್ರಿ ಯಕ್ಕಾ’ ಎಂದು ಅಂಗಡಿಯವ ಅಂದರೆ, ‘ಬಣ್ಣ ಇರ್ಲಿ, ದರಾ ಹೇಳಪಾ. ನಮ್ಮ ಮನಿ ಜವಳಿ ಎಲ್ಲಾ ಇಲ್ಲೇ ಆಗ್ಯಾವ’ ಎಂದು ಅಜ್ಜಿ ಹಳೆಯ ನಂಟನ್ನೇ ಚೌಕಾಶಿಗೆ ಇಡುತ್ತಾಳೆ.

ಈ ಒಂದು ದಿನದ ಮೇಲೆ ಇಡೀ ಪೇಟೆ ನಿಂತಿದೆ. ಜವಳಿ ಮುಗಿದ ಮೇಲೆ ಬಳೆ, ಬಾಂಡೆ ಸಾಮಾನು, ಬಂಗಾರ, ನಡುವೆ ಖಾನಾವಳಿ ಊಟ. ದೊಡ್ಡ ಅಂಗಡಿ ಮಂದಿಯನ್ನು ಎಳೆದು ತರುತ್ತದೆ, ಸಣ್ಣವು ಆ ದಾರಿಯಲ್ಲಿ ಬದುಕುತ್ತವೆ.

ಮಾಲ್‌ಗಳ ಲೆಕ್ಕಾಚಾರವೂ ಇದೇ. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್, 1956ರಲ್ಲಿ ಮಿನಿಯಾಪೊಲಿಸ್ ಹೊರವಲಯದ ಈಡೈನಾದಲ್ಲಿ ತೆರೆದ ಸೌತ್‌ಡೇಲ್‌ಗಾಗಿ, ಪರಸ್ಪರ ಪೈಪೋಟಿಯ ಡೇಟನ್ಸ್ ಮತ್ತು ಡೊನಾಲ್ಡ್‌ಸನ್ಸ್ ಮಳಿಗೆಗಳನ್ನು ಒಂದೇ ಸೂರಿನಡಿ ತಂದ. ಒಂದಕ್ಕೆ ಬಂದವರು ಇನ್ನೊಂದಕ್ಕೆ ನಡೆಯುವಾಗ ನಡುವಿನ ಸಣ್ಣ ಅಂಗಡಿಗಳಿಗೆ ವ್ಯಾಪಾರ. ಬೆಂಗಳೂರಿನ ಕೋರಮಂಗಲದಲ್ಲಿ 2004ರಲ್ಲಿ ತೆರೆದ ಫೋರಂ, ಇಂದಿನ ನೆಕ್ಸಸ್, ಮಳಿಗೆಗಳ ಜೊತೆಗೆ 11 ಪರದೆಗಳ ಪಿವಿಆರ್ ಚಿತ್ರಮಂದಿರವನ್ನೂ ಸೆಳೆತವಾಗಿಸಿಕೊಂಡಿತು. ಹುಬ್ಬಳ್ಳಿಯ ಗೋಕುಲ ರಸ್ತೆಗೂ ಅರ್ಬನ್ ಓಯಸಿಸ್ ಬಂತು.

ಹಾಗಂತ ಲಗ್ನದ ಯಾದಿ ಮಾಲ್‌ಗೆ ಹೋಗಲಿಲ್ಲ. ಹುಡುಗರ ಜೀನ್ಸು, ಹುಟ್ಟುಹಬ್ಬದ ಅಂಗಿ, ರಜೆಯ ಸಿನಿಮಾ ಅಲ್ಲಿಗೆ ಹೋದವು, ಅಷ್ಟೆ. ಮಾಲ್‌ನಲ್ಲಿ ಒಬ್ಬರು ತಮಗೆ ಬೇಕಾದ್ದನ್ನು ಕೊಳ್ಳುತ್ತಾರೆ. ಜವಳಿಯಲ್ಲಿ ಹದಿನೈದು ಮಂದಿ ಕೂತು ಅಲ್ಲಿಲ್ಲದ ಐವತ್ತು ಮಂದಿಗೆ ಕೊಳ್ಳುತ್ತಾರೆ: ಸೋದರಮಾವನಿಗೆ ಎಂಥದ್ದು, ಓಣಿಯವರಿಗೆ ಎಷ್ಟರದು, ಬೀಗರ ಸೀರೆಗಿಂತ ನಮ್ಮದು ಮೇಲಾಗದಂತೆ ಹೇಗೆ. ಹ್ಯಾಂಗರಿನ ಸಾಲಿನ ಮುಂದೆ ನಿಂತು ತೀರ್ಮಾನಿಸುವ ಲೆಕ್ಕವಲ್ಲ ಇದು. ಕೂರಲು ಜಾಗ ಬೇಕು, ಜಗಳಕ್ಕೆ ಹೊತ್ತು ಬೇಕು.

ಹಾಗಾಗಿ ಬದಲಾದದ್ದು ಜವಳಿ ಅಂಗಡಿಯೇ. ಲಿಫ್ಟು ಬಂತು, ಎ.ಸಿ. ಬಂತು, ‘ಒಂದೇ ದರ’ ಎಂಬ ಫಲಕ ಬಂತು. ಕೆಳಗೆ ಗಂಡಸರ ಬಟ್ಟೆ, ಮೇಲೆ ರೇಷ್ಮೆ. ಮಾಲ್‌ನಿಂದ ಕಲಿಯುವುದನ್ನೆಲ್ಲ ಕಲಿತ ಅಂಗಡಿಗಳೂ ರೇಷ್ಮೆ ಸೀರೆಯ ಅಂತಸ್ತಿನಲ್ಲಿ ಗಾದಿಯನ್ನು ಬಿಟ್ಟಿಲ್ಲ. ಯಾದಿ ಉದ್ದವಿರುವಷ್ಟು ಕಾಲ ಬಿಡುವುದೂ ಇಲ್ಲ.