ದೊರೆಗೂ ಎರವಲು ಕೊಡದ ಗ್ರಂಥಾಲಯ

1645ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಚಾರ್ಲ್ಸ್ ಆಕ್ಸ್‌ಫರ್ಡಿನಲ್ಲಿ ಬೀಡುಬಿಟ್ಟಿದ್ದ. ಅಂತರ್ಯುದ್ಧದ ಕಾಲ. ಅಲ್ಲಿನ ಬಾಡ್ಲಿಯನ್ ಗ್ರಂಥಾಲಯದಿಂದ ಒಂದು ಫ್ರೆಂಚ್ ಇತಿಹಾಸ ಗ್ರಂಥ ಬೇಕೆಂದು ಹೇಳಿಕಳಿಸಿದ. ಗ್ರಂಥಪಾಲಕ ಜಾನ್ ರೌಸ್ ನಿಯಮಾವಳಿ ತೋರಿಸಿ, ಪುಸ್ತಕ ಹೊರಗೆ ಹೋಗುವಂತಿಲ್ಲ ಎಂದ. ದೊರೆ ಮರುಮಾತಾಡಲಿಲ್ಲ. ಆ ದೊರೆಯ ತಲೆ ಹೋಗಿ ಕ್ರಾಮ್‌ವೆಲ್ ಅಧಿಕಾರಕ್ಕೆ ಬಂದ ಮೇಲೆ ಅವನ ಕಡೆಯಿಂದಲೂ ಇಂಥದೇ ಕೋರಿಕೆ ಬಂತು. ಉತ್ತರವೂ ಅದೇ.

ಥಾಮಸ್ ಬಾಡ್ಲಿ 1602ರಲ್ಲಿ ತೆರೆದ ಈ ಗ್ರಂಥಾಲಯದಲ್ಲಿ ಓದಲು ಬರುವವರು ಬೆಂಕಿ ತರುವುದಿಲ್ಲ, ಹಚ್ಚುವುದಿಲ್ಲ ಎಂದು ಇವತ್ತಿಗೂ ಪ್ರಮಾಣ ಮಾಡಬೇಕು. ಇಷ್ಟು ಬಿಗಿಯಾದ ಜಾಗದಲ್ಲಿ ದಾರಿಹೋಕನಿಗೇನು ಕೆಲಸ? ಬಹುಕಾಲ ಏನೂ ಇರಲಿಲ್ಲ. ಹಳೆಯ ಕಟ್ಟಡದೆದುರು, ಬ್ರಾಡ್ ಸ್ಟ್ರೀಟಿನ ಆಚೆ ಬದಿಯಲ್ಲಿ, ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ಇನ್ನೊಂದು ಕಟ್ಟಡ ಕಟ್ಟಿದ. ಲಂಡನ್ನಿನ ಕೆಂಪು ಟೆಲಿಫೋನ್ ಗೂಡು ಕೂಡ ಇವನದೇ ವಿನ್ಯಾಸ. ಈ ಹೊಸ ಕಟ್ಟಡ ಓದುಗರಿಗಿಂತ ಹೆಚ್ಚಾಗಿ ಪುಸ್ತಕಗಳಿಗೆಂದೇ ಕಟ್ಟಿದ ಉಗ್ರಾಣ. 1946ರಲ್ಲಿ ಉದ್ಘಾಟನೆಗೆ ಬಂದ ಆರನೆಯ ಜಾರ್ಜ್ ಬೀಗ ತಿರುಗಿಸುವಾಗ ಬೆಳ್ಳಿಯ ಕೀಲಿಕೈ ಮುರಿದೇಹೋಯಿತು. ಆ ಬಾಗಿಲಿಗೆ ತೆರೆದುಕೊಳ್ಳುವ ಮನಸ್ಸೇ ಇರಲಿಲ್ಲವೇನೋ.

ಅದು ನಿಜವಾಗಿ ತೆರೆದದ್ದು 2015ರ ಮಾರ್ಚಿನಲ್ಲಿ, ವೆಸ್ಟನ್ ಲೈಬ್ರರಿ ಎಂಬ ಹೊಸ ಹೆಸರಿನಲ್ಲಿ. ಲಕ್ಷಾಂತರ ಪುಸ್ತಕಗಳನ್ನು ಸ್ವಿಂಡನ್ ಪಟ್ಟಣದ ಬಳಿಯ ದೊಡ್ಡ ಗೋದಾಮಿಗೆ ಸಾಗಿಸಿದ್ದರಿಂದ ಒಳಗೆ ಜಾಗವಾಯಿತು. ಈಗ ಬೀದಿಯಿಂದ ನೇರವಾಗಿ ವಿಶಾಲವಾದ ಹಜಾರಕ್ಕೆ ಕಾಲಿಡಬಹುದು. ಕಾರ್ಡು ಬೇಡ. ಕಾಫಿ ಕುಡಿಯಬಹುದು, ಕತ್ತೆತ್ತಿದರೆ ಗಾಜಿನಾಚೆ ಸಾಲು ಸಾಲು ಪುಸ್ತಕ ಕಾಣುತ್ತದೆ. ಪಕ್ಕದಲ್ಲಿ ಪ್ರದರ್ಶನದ ಕೋಣೆಗಳು. 2018ರಲ್ಲಿ ಕಾದಂಬರಿಕಾರ ಟೋಲ್ಕಿನ್ ಬರೆದ ನಕಾಶೆ, ಚಿತ್ರಗಳ ಪ್ರದರ್ಶನ ನಡೆದದ್ದು ಇಲ್ಲೇ. ಉಪನ್ಯಾಸಗಳಿವೆ. ಅಚ್ಚುಮೊಳೆ ಜೋಡಿಸಿ, ಮಸಿ ಬಳಿದು, ಕೈಯಾರೆ ಒಂದು ಹಾಳೆ ಮುದ್ರಿಸುವ ಕಮ್ಮಟಗಳೂ ಇವೆ. ನನ್ನ ಪ್ರಕಾರ ಹತ್ತು ಉಪನ್ಯಾಸಕ್ಕಿಂತ ಈ ಕಮ್ಮಟ ಮೇಲು.

ಪ್ರದರ್ಶನ ಎಂದರೆ ಗಾಜಿನ ಪೆಟ್ಟಿಗೆಯಲ್ಲಿ ಪುಸ್ತಕ ಇಟ್ಟುಬಿಡುವುದಲ್ಲ. ಹಳೆಯ ಶಾಯಿ, ಬಣ್ಣಗಳಿಗೆ ಬೆಳಕೇ ಶತ್ರು. ಅದಕ್ಕೇ ಕೋಣೆ ಮಬ್ಬಾಗಿರುತ್ತದೆ. ಬೆನ್ನು ಬಿರಿಯದಂತೆ ಪ್ರತಿ ಪುಸ್ತಕದ ಅಳತೆಗೆ ಆಸರೆ ಮಾಡುತ್ತಾರೆ. ಕೆಲವು ತಿಂಗಳು ತೋರಿಸಿದ ಮೇಲೆ ಅದನ್ನು ಮತ್ತೆ ಕತ್ತಲೆಗೆ ಕಳಿಸಬೇಕು.

ಜನರ ಮುಂದೆ ಹೋಗುವ ಆತುರ ಒಮ್ಮೊಮ್ಮೆ ಎಡವಿಸುವುದೂ ಉಂಟು. ಪೇಶಾವರದ ಹತ್ತಿರ 1881ರಲ್ಲಿ ನೆಲದಡಿ ಸಿಕ್ಕಿದ ಬಕ್ಷಾಲಿ ಗಣಿತ ಹಸ್ತಪ್ರತಿ 1902ರಿಂದ ಬಾಡ್ಲಿಯನ್ನಿನಲ್ಲಿದೆ. ಅದರ ಭೂರ್ಜಪತ್ರಗಳಲ್ಲಿ ಸೊನ್ನೆ ಚುಕ್ಕಿಯ ರೂಪದಲ್ಲಿದೆ. ಕೆಲವು ಎಲೆಗಳು ಮೂರು–ನಾಲ್ಕನೆಯ ಶತಮಾನದಷ್ಟು ಹಳೆಯವು ಎಂದು 2017ರಲ್ಲಿ ಗ್ರಂಥಾಲಯ ಪ್ರಕಟಿಸಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಒಂದು ಎಲೆ ಪ್ರದರ್ಶನಕ್ಕೂ ಹೋಯಿತು. ವಿದ್ವಾಂಸರ ಪರಿಶೀಲನೆಗೆ ಮೊದಲೇ ಪತ್ರಿಕೆಗಳಿಗೆ ಸುದ್ದಿ ಕೊಟ್ಟಿರಿ ಎಂದು ಗಣಿತ ಇತಿಹಾಸಕಾರರು ತಕರಾರು ತೆಗೆದರು. ಕಾಲನಿರ್ಣಯವನ್ನೂ ಪ್ರಶ್ನಿಸಿದರು. ಆ ತಕರಾರಿನಲ್ಲಿ ಹುರುಳಿತ್ತು.

ಜನರನ್ನು ಒಳಕ್ಕೆ ಬಿಡುವುದು ಗ್ರಂಥಾಲಯ ಮಾಡುವ ಉಪಕಾರವೇನಲ್ಲ. ಶೇಕ್ಸ್‌ಪಿಯರನ ನಾಟಕಗಳ ಮೊದಲ ಸಂಕಲನ, 1623ರ ಫಸ್ಟ್ ಫೋಲಿಯೋ, ಅಚ್ಚಾದ ಹೊಸದರಲ್ಲೇ ಇಲ್ಲಿಗೆ ಬಂದಿತ್ತು. ಮುಂದೆ 1664ರ ಆವೃತ್ತಿ ಬಂದಾಗ ಹಳೆಯದು ಹೆಚ್ಚುವರಿಯೆಂದು ಮಾರಿಬಿಟ್ಟರೆಂದು ತೋರುತ್ತದೆ. 1905ರಲ್ಲಿ ಟರ್ಬಟ್ ಎಂಬ ತರುಣ ಮನೆಯ ಹಳೆಯ ಪುಸ್ತಕವೊಂದರ ರಟ್ಟು ರಿಪೇರಿಯ ಬಗ್ಗೆ ಕೇಳಲು ಬಂದ. ಆ ಕಟ್ಟುವಿಕೆ ನೋಡಿ ಸಿಬ್ಬಂದಿ ಗುರುತು ಹಿಡಿದರು: ಇದು ನಮ್ಮದೇ ಪ್ರತಿ! ಅಷ್ಟರಲ್ಲಿ ಅಮೆರಿಕದ ಪುಸ್ತಕ ಸಂಗ್ರಾಹಕ ಹೆನ್ರಿ ಫೋಲ್ಜರ್ 3,000 ಪೌಂಡ್ ಕೊಡಲು ಮುಂದೆ ಬಂದಿದ್ದ. ಗ್ರಂಥಾಲಯದ ಬಳಿ ಅಷ್ಟು ಹಣವಿರಲಿಲ್ಲ. ಸಾರ್ವಜನಿಕರಿಂದ ವಂತಿಗೆ ಎತ್ತಿ 1906ರಲ್ಲಿ ಪುಸ್ತಕ ಉಳಿಸಿಕೊಂಡರು. 2012ರಲ್ಲಿ ಮತ್ತೆ ಜನರ ಮುಂದೆ ಕೈಚಾಚಿ, ಪುಟಪುಟವನ್ನೂ ಡಿಜಿಟಲ್ ಮಾಡಿಸಿ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟರು. ಹಿಂದಿನ ವಿದ್ಯಾರ್ಥಿಗಳ ಬೆರಳು ತಗುಲಿ ಹೆಚ್ಚು ಸವೆದಿರುವುದು ‘ರೋಮಿಯೋ ಅಂಡ್ ಜೂಲಿಯೆಟ್’ ಪುಟಗಳು ಎಂಬುದನ್ನು ಈಗ ಧಾರವಾಡದಲ್ಲಿ ಕುಳಿತೂ ನೋಡಬಹುದು.

ಆಕ್ಸ್‌ಫರ್ಡಿಗೇ ಹೋಗುವವರಿಗೆ ಒಂದು ಮಾತು. ರಸ್ತೆಯಾಚೆಯ ಹಳೆಯ ಕಟ್ಟಡದ ಒಳಭಾಗ ನೋಡಲು ಟಿಕೆಟ್ ಬೇಕು, ಓದುವ ಕೋಣೆಗೆ ಕಾರ್ಡು ಬೇಕು. ವೆಸ್ಟನ್ನಿನ ಹಜಾರಕ್ಕೆ ಎರಡೂ ಬೇಡ.