ಸಿದ್ಧರಾಮನ ಹಂಬಲ: ಸೊನ್ನಲಿಗೆಯಿಂದ ಒಂದು ಓದು

ನಾನು ಸೊಲ್ಲಾಪುರದವಳು. ನಮ್ಮ ಮನ್ಯಾಗ ದಿನಾ ಒಂದು ಪ್ರಶ್ನೆ ಇರ್ತದ: "ಕನ್ನಡ ಎಂ.ಎ. ಮಾಡಿ ಮುಂದ ಏನ್ ಮಾಡಾಕಿ?" ಕೇಳೋರದು ತಪ್ಪಲ್ಲ. ಆದರೆ ನನಗೆ ಬೇಕಾದದ್ದು ಏನು, ಅದು ಬರೀ ಆಸೆಯೋ ಅಥವಾ ಗುರಿಯೋ ಅಂತ ಯೋಚಿಸುವಾಗ ನಮ್ಮೂರಿನವನೇ ಆದ ಸಿದ್ಧರಾಮನ ಕಥೆ ನೆನಪಾಯಿತು. ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. ಸಿದ್ಧರಾಮ 12ನೇ ಶತಮಾನದ ಶರಣ.

ವಚನಕಾರರು ಆಸೆಯನ್ನು ಬಿಡಬೇಕು ಅಂದರು ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಸಿದ್ಧರಾಮನ ಕಥೆಯಲ್ಲಿ ಆಸೆ ಹೋಗುವುದಿಲ್ಲ, ದಿಕ್ಕು ಬದಲಿಸುತ್ತದೆ. ಅದೂ ಎರಡು ಸಲ.

ಮೊದಲನೆಯದು ರಾಘವಾಂಕನ 'ಸಿದ್ಧರಾಮ ಚರಿತ್ರೆ'ಯಲ್ಲಿದೆ. ಹೊಲ ಕಾಯುತ್ತಿದ್ದ ಹುಡುಗನ ಬಳಿ ಮಲ್ಲಯ್ಯನೆಂಬ ಜಂಗಮ ಬರುತ್ತಾನೆ. ಅವನ ಹಸಿವಿಗೆಂದು ಹುಡುಗ ಮನೆಗೆ ಓಡಿ ಉಣ್ಣಲು ತರುವಷ್ಟರಲ್ಲಿ ಮಲ್ಲಯ್ಯ ಇಲ್ಲ. ಅಳುತ್ತಾ ಹುಡುಕುತ್ತಾ ಶ್ರೀಶೈಲಕ್ಕೆ ಹೋಗುತ್ತಾನೆ. ಅಲ್ಲಿಯೂ ಕಾಣದೆ ಕಮರಿಗೆ ಹಾರಲು ಮುಂದಾದಾಗ ಮಲ್ಲಯ್ಯ ಕೈಹಿಡಿಯುತ್ತಾನೆ. ಇಲ್ಲಿ ಕಥೆ ಮುಗಿಯಬಹುದಿತ್ತು, ಬೇಕಾದವನು ಸಿಕ್ಕನಲ್ಲ! ಆದರೆ ಮಲ್ಲಯ್ಯ ಹುಡುಗನನ್ನು ಹತ್ತಿರ ಇಟ್ಟುಕೊಳ್ಳದೆ, ಊರಿಗೆ ಹೋಗಿ ಸೊನ್ನಲಿಗೆಯನ್ನೇ ಶ್ರೀಶೈಲ ಮಾಡು ಅನ್ನುತ್ತಾನೆ. ಒಬ್ಬನನ್ನು ಕಾಣುವ ಹಂಬಲ ಊರಿಗೆ ನೀರು ತರುವ ಕೆಲಸವಾಗುತ್ತದೆ. ಸಿದ್ಧರಾಮ ಕೆರೆ ಕಟ್ಟಿಸುತ್ತಾನೆ, ಗುಡಿ ಕಟ್ಟಿಸುತ್ತಾನೆ. ಆಸೆ ಗುರಿಯಾಗೋದು ಅಂದರೆ ಇದೇ ಅಂತ ನನ್ನ ತಿಳುವಳಿಕೆ: ನನಗೆ ಬೇಕು ಅನ್ನೋದು ನಾಲ್ಕು ಜನರಿಗೆ ಬೇಕಾದದ್ದರ ಜೊತೆ ಕೂಡೋದು.

ಎರಡನೆಯ ತಿರುವು ಶೂನ್ಯಸಂಪಾದನೆಯಲ್ಲಿದೆ. ಅಲ್ಲಮ ಸೊನ್ನಲಿಗೆಗೆ ಬಂದು ಈ ಕೆಲಸವನ್ನೇ ಹಂಗಿಸುತ್ತಾನೆ. ಕೆಲಸಗಾರರು ಅವನ ಮೇಲೆ ಕಲ್ಲು ತೂರುತ್ತಾರೆ, ಸಿದ್ಧರಾಮನಿಗೂ ಸಿಟ್ಟು ಬರುತ್ತದೆ. ಆ ಸಿಟ್ಟೇ ಅಲ್ಲಮನಿಗೆ ಬೇಕಿತ್ತು ಅನ್ನಿಸುತ್ತದೆ. ಕೆರೆ ಊರಿನದಾಗಿದ್ದರೆ ಸಿಟ್ಟು ಯಾರದು? ಒಳ್ಳೆಯ ಗುರಿಯ ಒಳಗೂ 'ನಾನು ಮಾಡಿದೆ' ಅನ್ನೋದು ಕೂತಿರುತ್ತದೆ. ಆಮೇಲೆ ಸಿದ್ಧರಾಮ ಅಲ್ಲಮನ ಜೊತೆ ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನಿಂದ ದೀಕ್ಷೆ ಪಡೆಯುತ್ತಾನೆ. ಊರಿಗೇ ಗುರುವಾಗಿದ್ದವನು ಮತ್ತೆ ಶಿಷ್ಯನಾಗೋದು ಸಣ್ಣ ಮಾತಲ್ಲ. ಬೆಳವಣಿಗೆ ಅಂದರೆ ಮೇಲೆ ಹೋಗೋದಷ್ಟೇ ಅಲ್ಲ, ಕಲಿಯೋಕೆ ಕೆಳಗೆ ಕೂರೋದೂ ಹೌದು.

ಇದನ್ನು ಓದುವಾಗ ನನಗೆ ನಾಚಿಕೆಯಾಯಿತು. ಭಾನುವಾರ ನಾನು ಓಣಿಯ ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡುತ್ತೇನೆ. ಒಂಬತ್ತು ಮಕ್ಕಳಿದ್ದರು, ನಾಲ್ಕಾದರು. ಉಳಿದವರು ಯಾಕೆ ಬರಲಿಲ್ಲ ಅಂತ ಕೇಳುವ ಮೊದಲೇ, ನಾನು ಇಷ್ಟು ಮಾಡ್ತೀನಿ, ಇವರಿಗೆ ಬೆಲೆ ಇಲ್ಲ ಅಂತ ಸಿಟ್ಟು ಬಂತು. ಗಡಿಯಲ್ಲಿ ಭಾಷೆ ಉಳಿಸುತ್ತೇವೆ ಅನ್ನುವ ನಮಗೆಲ್ಲ ಈ ಅಪಾಯ ಇದೆ. ಮರುವಾರ ಮನೆಮನೆಗೆ ಹೋಗಿ ಕೇಳಿದೆ. ಅದೇ ಹೊತ್ತಿಗೆ ಅವರಿಗೆ ಟ್ಯೂಷನ್ ಇತ್ತು, ಅಷ್ಟೇ. ಹೊತ್ತು ಬದಲಿಸಿದೆ.

ಇವೆರಡೂ ಕಾವ್ಯ-ಕಥನಗಳು, ಇವನ್ನು ನೇರವಾಗಿ ಚರಿತ್ರೆ ಅಂತ ನಾನು ಹೇಳುತ್ತಿಲ್ಲ. ಆದರೆ ಕೆರೆ ಇವತ್ತಿಗೂ ಊರ ನಡುವೆ ಇದೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜ ಹೊರುವವರಲ್ಲಿ ಕನ್ನಡ ಮಾತಾಡುವವರೂ ಇದ್ದಾರೆ, ಮರಾಠಿ ಮಾತಾಡುವವರೂ ಇದ್ದಾರೆ. ಮನೆಯ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರ ಇನ್ನೂ ಇಲ್ಲ. ಕೆಲಸಕ್ಕಾಗಿ ಪುಣೆಗೆ ಹೋಗಬೇಕಾಗಬಹುದು. ಹೋದರೂ ಮಲ್ಲಯ್ಯ ಆ ಹುಡುಗನಿಗೆ ತೋರಿಸಿದ ದಾರಿ ಊರಿನ ಕಡೆಗಿತ್ತು ಅನ್ನೋದನ್ನು ಮರೆಯಬಾರದು ಅಂದುಕೊಂಡಿದ್ದೇನೆ. ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.