ಏರೋಪ್ಲೇನ್ ಚಿಟ್ಟೆ: ನೀರಿನಲ್ಲಿ ಬಾಲ್ಯ, ಗಾಳಿಯಲ್ಲಿ ಯೌವನ

ಮಳೆಯ ಅಬ್ಬರ ತಗ್ಗಿ, ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ಎಳೆ ಬಿಸಿಲು ಮೂಡುವ ಹೊತ್ತಿಗೆ ಗದ್ದೆಗಳ ಮೇಲೆ, ಶಾಲೆಯ ಮೈದಾನದ ಮೇಲೆ, ಮನೆಯ ಅಂಗಳದಲ್ಲಿ ಹಳದಿ ಮೈಯ ನೂರಾರು ಕೀಟಗಳು ಗುಂಪುಗುಂಪಾಗಿ ಹಾರಾಡುವುದನ್ನು ನಾವೆಲ್ಲ ನೋಡಿದ್ದೇವೆ. ಉದ್ದನೆಯ ಬಾಲ, ಗಾಜಿನಂತಹ ನಾಲ್ಕು ರೆಕ್ಕೆ, ಮುಖದ ತುಂಬ ಕಣ್ಣು. ಮಕ್ಕಳು ಅದನ್ನು ಏರೋಪ್ಲೇನ್ ಚಿಟ್ಟೆ ಎನ್ನುತ್ತಾರೆ. ಕೆಲವೆಡೆ ಹೆಲಿಕಾಪ್ಟರ್ ಚಿಟ್ಟೆ ಎಂಬ ಹೆಸರೂ ಇದೆ. ಇಂಗ್ಲಿಷಿನವರು ಕೊಟ್ಟ ಹೆಸರು ಡ್ರ್ಯಾಗನ್ ಫ್ಲೈ.

ಚಿಟ್ಟೆ ಎಂದು ಕರೆದರೂ ಇದು ಚಿಟ್ಟೆಯ ಕುಟುಂಬಕ್ಕೆ ಸೇರಿದ್ದಲ್ಲ. ಚಿಟ್ಟೆ ಹೂವಿನ ಮಕರಂದ ಹೀರುತ್ತದೆ, ಇದು ಅಪ್ಪಟ ಬೇಟೆಗಾರ. ಚಿಟ್ಟೆ ಕಂಬಳಿ ಹುಳುವಾಗಿ, ಗೂಡಿನೊಳಗೆ ಮಲಗಿ, ಬಳಿಕ ರೆಕ್ಕೆ ಪಡೆಯುತ್ತದೆ. ಏರೋಪ್ಲೇನ್ ಚಿಟ್ಟೆ ಗೂಡು ಕಟ್ಟುವುದೇ ಇಲ್ಲ. ಅದು ತನ್ನ ಬಾಲ್ಯವನ್ನೆಲ್ಲ ನೀರಿನಡಿಯಲ್ಲಿ ಕಳೆದು ನೇರವಾಗಿ ಆಕಾಶಕ್ಕೆ ಏರುತ್ತದೆ.

ಇದರ ಹತ್ತಿರದ ಬಂಧು ಡ್ಯಾಮ್ಸೆಲ್ ಫ್ಲೈ. ಸೂಜಿಯಷ್ಟು ಸಪೂರ ಮೈ, ಮೆಲ್ಲನೆಯ ಹಾರಾಟ. ಇವೆರಡನ್ನು ಗುರುತಿಸುವುದು ಸುಲಭ. ಕುಳಿತಾಗ ಡ್ರ್ಯಾಗನ್ ಫ್ಲೈ ತನ್ನ ರೆಕ್ಕೆಗಳನ್ನು ವಿಮಾನದಂತೆ ಅಗಲಕ್ಕೆ ಚಾಚಿರುತ್ತದೆ. ಡ್ಯಾಮ್ಸೆಲ್ ಫ್ಲೈಗಳಲ್ಲಿ ಹೆಚ್ಚಿನವು ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸಿ ಮಡಚಿಡುತ್ತವೆ. ಡ್ರ್ಯಾಗನ್ ಫ್ಲೈಗಳ ಪೈಕಿ ಹೆಚ್ಚಿನವುಗಳ ಕಣ್ಣುಗಳು ತಲೆಯ ಮೇಲೆ ಒಂದಕ್ಕೊಂದು ತಾಗಿರುತ್ತವೆ, ಡ್ಯಾಮ್ಸೆಲ್ ಫ್ಲೈಯ ಕಣ್ಣುಗಳ ನಡುವೆ ಚೆನ್ನಾಗಿ ಅಂತರವಿರುತ್ತದೆ. ಡೆನ್ಮಾರ್ಕಿನ ವಿಜ್ಞಾನಿ ಫ್ಯಾಬ್ರಿಸಿಯಸ್ 1793ರಲ್ಲಿ ಈ ಗುಂಪಿಗೆ ಒಡೊನೇಟ ಎಂದು ಹೆಸರಿಟ್ಟರು. ಹಲ್ಲು ಎಂಬರ್ಥದ ಗ್ರೀಕ್ ಪದದಿಂದ ಬಂದ ಹೆಸರದು. ಜಗತ್ತಿನಲ್ಲಿ ಈ ಗುಂಪಿನ 6,000ಕ್ಕೂ ಹೆಚ್ಚು ಜಾತಿಗಳಿವೆ. ಭಾರತದಲ್ಲಿ ಸುಮಾರು 500, ಪಶ್ಚಿಮ ಘಟ್ಟದಲ್ಲಿ ಸುಮಾರು 200 ಜಾತಿಗಳಿವೆ.

ನೀರಿನಡಿಯ ಬಾಲ್ಯ

ಹೆಣ್ಣು ಕೀಟ ಕೆರೆ, ತೋಡು, ಗದ್ದೆಯ ನೀರಿನ ಮೇಲೆ ಹಾರುತ್ತಾ ಬಾಲದ ತುದಿಯನ್ನು ಮತ್ತೆ ಮತ್ತೆ ನೀರಿಗೆ ತಾಗಿಸುವುದನ್ನು ನೀವು ಕಂಡಿರಬಹುದು. ಅದು ನೀರು ಕುಡಿಯುತ್ತಿದೆ ಎಂದು ಹಲವರು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಮೊಟ್ಟೆ ಇಡುತ್ತಿರುತ್ತದೆ. ಡ್ಯಾಮ್ಸೆಲ್ ಫ್ಲೈಗಳು ನೀರಿನ ಗಿಡಗಳ ದಂಟನ್ನು ಕೊರೆದು ಅದರೊಳಗೆ ಮೊಟ್ಟೆ ಇಡುತ್ತವೆ.

ಮೊಟ್ಟೆಯಿಂದ ಹೊರಬಂದ ಮರಿಗೆ ರೆಕ್ಕೆಯಿಲ್ಲ, ಅಂದವಿಲ್ಲ. ಕೆಸರಿನ ಬಣ್ಣದ ಈ ಮರಿ ತಾಯಿಯನ್ನು ಯಾವ ರೀತಿಯಲ್ಲೂ ಹೋಲುವುದಿಲ್ಲ. ಆದರೆ ಅದರ ಶರೀರದ ರಚನೆ ನೋಡಿದರೆ ಬೆರಗಾಗುತ್ತದೆ. ಡ್ರ್ಯಾಗನ್ ಫ್ಲೈಯ ಮರಿ ಉಸಿರಾಡುವುದು ಗುದನಾಳದೊಳಗಿರುವ ಕಿವಿರುಗಳಿಂದ! ಹಿಂಬದಿಯಿಂದ ನೀರನ್ನು ಒಳಗೆ ಎಳೆದುಕೊಂಡು ಆಮ್ಲಜನಕ ಪಡೆಯುತ್ತದೆ. ಅಪಾಯ ಎದುರಾದರೆ ಅದೇ ನೀರನ್ನು ರಭಸದಿಂದ ಹೊರಚಿಮ್ಮಿ, ಜೆಟ್ ವಿಮಾನದಂತೆ ಮುಂದಕ್ಕೆ ನುಗ್ಗುತ್ತದೆ. ಡ್ಯಾಮ್ಸೆಲ್ ಫ್ಲೈಯ ಮರಿಗಾದರೋ ಬಾಲದ ತುದಿಯಲ್ಲಿ ಎಲೆಯಾಕಾರದ ಮೂರು ಕಿವಿರುಗಳಿರುತ್ತವೆ.

ಬೇಟೆಯಾಡಲು ಅದರ ಕೆಳದುಟಿಯೇ ಆಯುಧ. ಮುಖದಡಿಯಲ್ಲಿ ಮಡಚಿಟ್ಟ ಈ ತುಟಿ, ಬೇಟೆ ಹತ್ತಿರ ಬಂದೊಡನೆ ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಕೈಯಂತೆ ಮುಂದಕ್ಕೆ ಚಾಚಿಕೊಂಡು ಕೊಕ್ಕೆಗಳಿಂದ ಹಿಡಿದು ಬಾಯಿಗೆ ತರುತ್ತದೆ. ಸೊಳ್ಳೆಯ ಮರಿ, ಗೊದಮೊಟ್ಟೆ, ಚಿಕ್ಕ ಮೀನು, ಕೆಲವೊಮ್ಮೆ ತನ್ನದೇ ಜಾತಿಯ ಮರಿಗಳೂ ಅದಕ್ಕೆ ಆಹಾರ.

ಈ ಜಲವಾಸ ಕೆಲವು ಜಾತಿಗಳಿಗೆ ಕೆಲವೇ ವಾರ, ಇನ್ನು ಕೆಲವಕ್ಕೆ ಹಲವು ವರ್ಷ. ಈ ಅವಧಿಯಲ್ಲಿ ಮರಿ ಹತ್ತಾರು ಬಾರಿ ಪೊರೆ ಕಳಚುತ್ತದೆ. ಕೊನೆಗೊಂದು ರಾತ್ರಿ ಅಥವಾ ಮುಂಜಾವಿನಲ್ಲಿ ಯಾವುದೋ ಹುಲ್ಲಿನ ಕಡ್ಡಿಯನ್ನು ಹಿಡಿದು ನೀರಿನಿಂದ ಮೇಲೆ ಬರುತ್ತದೆ. ಬೆನ್ನಿನ ಚರ್ಮ ಸೀಳುತ್ತದೆ. ಸುಕ್ಕುಗಟ್ಟಿದ ರೆಕ್ಕೆಗಳೊಂದಿಗೆ ಹೊಸ ಜೀವವೊಂದು ನಿಧಾನವಾಗಿ ಹೊರಬರುತ್ತದೆ. ರೆಕ್ಕೆಗಳಲ್ಲಿ ದ್ರವ ತುಂಬಿ ಅವು ಬಿಚ್ಚಿಕೊಂಡು ಒಣಗಿ ಗಟ್ಟಿಯಾಗುವ ತನಕ ಅದಕ್ಕೆ ಹಾರಲಾಗದು. ಇರುವೆ, ಕಪ್ಪೆ, ಹಕ್ಕಿ ಯಾವುದು ಬಂದರೂ ಆಗ ಅದು ನಿಸ್ಸಹಾಯಕ. ಇಷ್ಟೆಲ್ಲ ದಾಟಿ ಬಂದ ಮೇಲೆ ರೆಕ್ಕೆಯ ಬದುಕು ಸಾಮಾನ್ಯವಾಗಿ ಕೆಲವು ವಾರಗಳದ್ದು ಮಾತ್ರ.

ತಪ್ಪದ ಗುರಿ

ನಾಲ್ಕು ರೆಕ್ಕೆಗಳನ್ನೂ ಬೇರೆಬೇರೆಯಾಗಿ ಆಡಿಸುವ ಸಾಮರ್ಥ್ಯ ಈ ಕೀಟಕ್ಕಿದೆ. ಪ್ರತಿ ರೆಕ್ಕೆಯ ಬುಡಕ್ಕೂ ಅದರದೇ ಸ್ನಾಯುಗಳು ಸೇರಿಕೊಂಡಿವೆ. ಆದುದರಿಂದಲೇ ಅದು ಗಾಳಿಯಲ್ಲಿ ನಿಂತಲ್ಲೇ ನಿಲ್ಲಬಲ್ಲದು, ಹಿಂದಕ್ಕೆ ಹಾರಬಲ್ಲದು, ಥಟ್ಟನೆ ದಿಕ್ಕು ಬದಲಿಸಬಲ್ಲದು. ರೆಕ್ಕೆಯ ತುದಿಯಲ್ಲಿ ಕಾಣುವ ಚಿಕ್ಕ ಗಾಢ ಚುಕ್ಕೆ ಬರೀ ಅಲಂಕಾರವಲ್ಲ. ಅಲ್ಲಿ ತೂಕ ಸ್ವಲ್ಪ ಹೆಚ್ಚಿದ್ದು, ವೇಗದಲ್ಲಿ ರೆಕ್ಕೆ ಅದುರದಂತೆ ಅದು ಕಾಪಾಡುತ್ತದೆ.

ಅದರ ಒಂದೊಂದು ಕಣ್ಣಿನಲ್ಲೂ ಪುಟ್ಟ ಮಸೂರಗಳ ರಾಶಿಯಿದೆ. ದೊಡ್ಡ ಜಾತಿಗಳಲ್ಲಿ ಈ ಸಂಖ್ಯೆ 30,000ದ ಹತ್ತಿರ ಬರುತ್ತದೆ. ಹೆಚ್ಚುಕಡಿಮೆ ಎಲ್ಲ ದಿಕ್ಕುಗಳನ್ನೂ ಅದು ಒಮ್ಮೆಲೇ ನೋಡಬಲ್ಲದು. ನಮ್ಮ ಕಣ್ಣು ಬಣ್ಣಗಳನ್ನು ಗುರುತಿಸುವುದು 3 ಬಗೆಯ ಗ್ರಾಹಕಗಳ ನೆರವಿನಿಂದ. 2015ರಲ್ಲಿ ಜಪಾನಿನ ವಿಜ್ಞಾನಿಗಳು 12 ಜಾತಿಯ ಡ್ರ್ಯಾಗನ್ ಫ್ಲೈ ಮತ್ತು ಡ್ಯಾಮ್ಸೆಲ್ ಫ್ಲೈಗಳನ್ನು ಪರೀಕ್ಷಿಸಿದಾಗ, ಬೆಳಕನ್ನು ಗ್ರಹಿಸುವ ಪ್ರೋಟೀನ್‌ಗಳ ಜೀನುಗಳು ಅವುಗಳಲ್ಲಿ 15ರಿಂದ 33ರವರೆಗೆ ಇರುವುದು ಕಂಡುಬಂತು!

ಹುಲಿ, ಸಿಂಹಗಳ ಬೇಟೆಯಲ್ಲಿ ಹೆಚ್ಚಿನ ಪ್ರಯತ್ನಗಳು ವಿಫಲವಾಗುತ್ತವೆ. ಡ್ರ್ಯಾಗನ್ ಫ್ಲೈಗಳನ್ನು ಬಲೆಯ ಆವರಣದೊಳಗಿಟ್ಟು ನಡೆಸಿದ ಪ್ರಯೋಗಗಳಲ್ಲಿ ಅವು ನೂರಕ್ಕೆ 90ಕ್ಕಿಂತಲೂ ಹೆಚ್ಚು ಬಾರಿ ಗುರಿ ಸಾಧಿಸಿದವು. ಇದರ ಗುಟ್ಟೇನು? ಅದು ಸೊಳ್ಳೆಯ ಬೆನ್ನಟ್ಟಿ ಹೋಗುವುದಿಲ್ಲ. ಸೊಳ್ಳೆ ಮುಂದಿನ ಕ್ಷಣ ಎಲ್ಲಿರುತ್ತದೆ ಎಂದು ಅಂದಾಜಿಸಿ ನೇರ ಅಲ್ಲಿಗೇ ಹೋಗುತ್ತದೆ. ಚೆಂಡು ಬೀಳುವ ಜಾಗಕ್ಕೆ ಮೊದಲೇ ಓಡಿ ನಿಲ್ಲುವ ಕ್ರಿಕೆಟ್ ಆಟಗಾರನಂತೆ! ಬೇಟೆಯ ದಿಕ್ಕನ್ನು ಮೆದುಳಿನಿಂದ ರೆಕ್ಕೆಗೆ ತಿಳಿಸುವ ಕೆಲಸಕ್ಕೆ ಕೇವಲ 16 ನರಕೋಶಗಳು ಸಾಕಾಗುತ್ತವೆ ಎಂದು 2012ರ ಅಧ್ಯಯನವೊಂದು ತಿಳಿಸಿತು. ಮುಳ್ಳುಮುಳ್ಳಾದ ಆರು ಕಾಲುಗಳನ್ನು ಬುಟ್ಟಿಯಂತೆ ಮುಂದೆ ಹಿಡಿದು ಅದು ಸೊಳ್ಳೆಯನ್ನು ಬಾಚಿಕೊಳ್ಳುತ್ತದೆ, ಹಾರುತ್ತಲೇ ತಿಂದು ಮುಗಿಸುತ್ತದೆ.

ಸಾಗರ ದಾಟುವ ಯಾತ್ರಿಕ

ನಮ್ಮ ಅಂಗಳದಲ್ಲಿ ಅಕ್ಟೋಬರಿನಲ್ಲಿ ಕಾಣುವ ಆ ಹಳದಿ ಕೀಟದ ಶಾಸ್ತ್ರೀಯ ಹೆಸರು ಪಂಟಾಲ ಫ್ಲಾವೆಸೆನ್ಸ್. ಅದರ ಉದ್ದ ಸುಮಾರು 5 ಸೆಂಟಿಮೀಟರ್. ಆದರೆ ಅದರ ಪ್ರಯಾಣದ ಕಥೆ ಯಾವ ಹಕ್ಕಿಗೂ ಕಡಿಮೆಯದಲ್ಲ.

ಮಾಲ್ದೀವ್ಸ್ ದ್ವೀಪಗಳಲ್ಲಿ ನದಿಗಳಿಲ್ಲ. ಸಿಹಿನೀರಿನ ಕೆರೆಗಳೂ ತೀರಾ ಅಪರೂಪ. ಆದರೂ ಪ್ರತಿ ವರ್ಷ ಅಕ್ಟೋಬರಿನಲ್ಲಿ ಅಲ್ಲಿ ಲಕ್ಷಾಂತರ ಡ್ರ್ಯಾಗನ್ ಫ್ಲೈಗಳು ಪ್ರತ್ಯಕ್ಷವಾಗುತ್ತವೆ. ಈಶಾನ್ಯ ಮಾರುತ ಬರುವ ಸೂಚನೆಯೆಂದು ಅಲ್ಲಿನ ಜನ ಅವುಗಳನ್ನು ಗುರುತಿಸುತ್ತಾರೆ. ನೀರಿಲ್ಲದ ನಾಡಿಗೆ ನೀರಿನಲ್ಲಿ ಹುಟ್ಟುವ ಕೀಟ ಬಂದದ್ದೆಲ್ಲಿಂದ? ಅಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ಹಲವು ವರ್ಷ ಇದನ್ನು ಗಮನಿಸಿ, 2009ರಲ್ಲಿ ತಮ್ಮ ಉತ್ತರವನ್ನು ಪ್ರಕಟಿಸಿದರು. ಈ ಕೀಟಗಳು ಭಾರತದಿಂದ ಹೊರಟು ಮಾಲ್ದೀವ್ಸ್, ಸೀಶೆಲ್ಸ್ ದಾರಿಯಾಗಿ ಪೂರ್ವ ಆಫ್ರಿಕಾ ತಲುಪುತ್ತವೆ, ಅವುಗಳ ಸಂತತಿ ಮುಂದಿನ ಮುಂಗಾರಿನ ಗಾಳಿಯೊಂದಿಗೆ ಭಾರತಕ್ಕೆ ಮರಳುತ್ತದೆ ಎಂದು ಅವರು ವಾದಿಸಿದರು. ಹೋಗಿ ಬರುವ ಈ ಪಯಣ 14,000ದಿಂದ 18,000 ಕಿಲೋಮೀಟರ್. ಒಂದೇ ಕೀಟ ಇದನ್ನು ಪೂರ್ತಿಗೊಳಿಸುವುದಿಲ್ಲ. ನಾಲ್ಕು ತಲೆಮಾರುಗಳು ಸೇರಿ ಮುಗಿಸುವ ಪಯಣವಿದು.

ಮಾಲ್ದೀವ್ಸ್‌ನಲ್ಲಿ ಹಿಡಿದ ಕೀಟಗಳ ರೆಕ್ಕೆಗಳನ್ನು ಪರೀಕ್ಷಿಸಿದ 2012ರ ಅಧ್ಯಯನ, ಅವು ಉತ್ತರ ಭಾರತ ಅಥವಾ ಅದರಾಚೆಯ ನೀರಿನಲ್ಲಿ ಬೆಳೆದವೆಂದು ತೋರಿಸಿತು. ಗಾಳಿಯ ನೆರವಿದ್ದರೆ ಹಿಂದೂ ಮಹಾಸಾಗರವನ್ನು ದಾಟುವುದು ಈ ಕೀಟಕ್ಕೆ ಸಾಧ್ಯ ಎಂದು 2021ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರ ಲೆಕ್ಕಾಚಾರವೂ ಹೇಳಿತು. ದಾರಿ ತೋರಿಸಲು ತಂದೆ ತಾಯಿಯಿಲ್ಲ, ಹಿಂದೆ ಹೋಗಿ ಬಂದ ಅನುಭವವಿಲ್ಲ. ಆದರೂ ಮಳೆ ಬೀಳುವ ನಾಡಿಗೇ ಅವು ತಲುಪುತ್ತವೆ. ಹಿಂದಿನ ಕಾಲದಲ್ಲಿ ಅರಬ್ ನಾವಿಕರು ನಮ್ಮ ಕರಾವಳಿಗೆ ಬಂದು ಮರಳುತ್ತಿದ್ದುದೂ ಇದೇ ಮಾರುತಗಳನ್ನು ನಂಬಿ ಎಂಬುದನ್ನು ಇಲ್ಲಿ ನೆನೆಯಬಹುದು.

ಸೈತಾನನ ಸೂಜಿ, ವಿಜಯದ ಕೀಟ

ಇಂತಹ ಜೀವಿಯ ಬಗ್ಗೆ ಜನ ಹೆಣೆದ ಕಥೆಗಳು ಒಂದೆರಡಲ್ಲ. ಯುರೋಪಿನಲ್ಲಿ ಅದನ್ನು ಸೈತಾನನ ಸೂಜಿ ಎಂದು ಕರೆದರು. ಸುಳ್ಳು ಹೇಳುವ ಮಕ್ಕಳ ತುಟಿಗಳನ್ನು ಅದು ಹೊಲಿದು ಬಿಡುತ್ತದೆಂದು ಹೆದರಿಸುತ್ತಿದ್ದರು. ಕುದುರೆಗಳನ್ನು ಕುಟುಕುತ್ತದೆ ಎಂಬ ಅಪವಾದವೂ ಇತ್ತು. ಅಮೆರಿಕದ ದಕ್ಷಿಣ ಭಾಗದಲ್ಲಿ ಅದು ಹಾವಿನ ವೈದ್ಯ, ಗಾಯಗೊಂಡ ಹಾವುಗಳಿಗೆ ಶುಶ್ರೂಷೆ ಮಾಡುತ್ತದೆಂಬ ನಂಬಿಕೆ! ಜಪಾನಿನಲ್ಲಿ ಮಾತ್ರ ಅದಕ್ಕೆ ಗೌರವದ ಸ್ಥಾನ. ಹಿಂದಡಿ ಇಡದ ಕೀಟವೆಂದು ಭಾವಿಸಿ ಅಲ್ಲಿನ ಸಮುರಾಯಿ ಯೋಧರು ಅದನ್ನು ವಿಜಯದ ಕೀಟವೆಂದು ಕರೆದು ಶಿರಸ್ತ್ರಾಣಗಳ ಮೇಲೆ ಅದರ ಆಕೃತಿ ಧರಿಸುತ್ತಿದ್ದರು. ಇಂದಿನ ಅರಬಿ ಭಾಷೆಯಲ್ಲಿ ಇದರ ಹೆಸರು ಯಅಸೂಬ್. ಹಳೆಯ ಅರಬಿಯಲ್ಲಿ ಜೇನುಗೂಡಿನ ಮುಖ್ಯಸ್ಥನಿಗೂ ಇದೇ ಪದವಿತ್ತು.

ನಿಜ ಹೇಳಬೇಕೆಂದರೆ ಏರೋಪ್ಲೇನ್ ಚಿಟ್ಟೆಗೆ ಕುಟುಕುವ ಮುಳ್ಳೇ ಇಲ್ಲ, ವಿಷವೂ ಇಲ್ಲ. ಕೈಯಲ್ಲಿ ಹಿಡಿದರೆ ದೊಡ್ಡ ಜಾತಿಯವು ಸಣ್ಣಗೆ ಕಚ್ಚಬಹುದು, ಅಷ್ಟೇ.

ನೆರೆಯ ಕೇರಳದಲ್ಲಿ ಒಂದು ಮಾತಿದೆ: ತುಂಬಿಯಿಂದ ಕಲ್ಲು ಎತ್ತಿಸುವುದು. ಮಲಯಾಳದಲ್ಲಿ ತುಂಬಿ ಎಂದರೆ ಡ್ರ್ಯಾಗನ್ ಫ್ಲೈ. ಮಕ್ಕಳು ಅದರ ರೆಕ್ಕೆ ಹಿಡಿದು, ಕಾಲುಗಳಿಗೆ ಪುಟ್ಟ ಕಲ್ಲು ತಾಗಿಸಿ, ಅದು ಎತ್ತಿಕೊಳ್ಳುವುದನ್ನು ನೋಡಿ ನಗುವ ಆಟದಿಂದ ಈ ಮಾತು ಬಂದಿದೆ. ಎಳೆಯರ ಮೇಲೆ ಶಕ್ತಿಮೀರಿದ ಭಾರ ಹೊರಿಸುವವರಿಗೆ ಇದನ್ನು ಹೇಳುತ್ತಾರೆ. ನಮ್ಮಲ್ಲೂ ಬಾಲಕ್ಕೆ ನೂಲು ಕಟ್ಟಿ ಹಾರಿಸುವ ಆಟವಿದೆ. ಮಕ್ಕಳಿಗೆ ಅದು ಮೋಜು, ಆ ಜೀವಿಗೆ ಪ್ರಾಣಸಂಕಟ. ನೂಲು ಬಿಚ್ಚಿ ಬಿಟ್ಟರೂ ಬಾಲಕ್ಕೆ ಪೆಟ್ಟಾದ ಕೀಟ ಬೇಟೆಯಾಡಲಾಗದೆ ಸಾಯುತ್ತದೆ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಕೊಂದ ಸ್ತ್ರೀ ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿ(ಸ)ಯವರು ಎಚ್ಚರಿಸಿದ್ದಾರೆ. ಬಾಯಾರಿದ ನಾಯಿಗೆ ನೀರು ಕೊಟ್ಟವರಿಗೆ ಕ್ಷಮೆ ದೊರೆತುದನ್ನೂ ತಿಳಿಸಿದ್ದಾರೆ. ಮಗುವಿನ ಕೈಯಿಂದ ಆ ನೂಲನ್ನು ಬಿಡಿಸಿ, ಈ ಪಾಠವನ್ನು ಪ್ರೀತಿಯಿಂದ ಹೇಳಿಕೊಡುವ ಹೊಣೆ ತಾಯಂದಿರದ್ದೂ ತಂದೆಯರದ್ದೂ ಆಗಿದೆ.

ಮೋಸಹೋಗುವ ಕಣ್ಣು

ಅಷ್ಟು ಚುರುಕಾದ ಕಣ್ಣೂ ಮನುಷ್ಯನ ಕೃತ್ಯಗಳೆದುರು ಮೋಸಹೋಗುತ್ತದೆ. ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕಿಗೆ ಒಂದು ವಿಶಿಷ್ಟ ಗುಣವಿದೆ. ಅದರಿಂದಲೇ ಈ ಕೀಟ ನೀರನ್ನು ಗುರುತಿಸುತ್ತದೆ. ಹೊಳೆಯುವ ಡಾಂಬರು, ಕಾರಿನ ಮೇಲ್ಛಾವಣಿ, ಕಪ್ಪು ಗ್ರಾನೈಟ್ ಕಲ್ಲುಗಳೂ ಹಾಗೆಯೇ ಬೆಳಕನ್ನು ಪ್ರತಿಫಲಿಸುತ್ತವೆ. ನೀರೆಂದು ನಂಬಿ ಅವುಗಳ ಮೇಲೆ ಮೊಟ್ಟೆ ಇಟ್ಟರೆ ಆ ಸಂತತಿ ಅಲ್ಲಿಗೇ ಮುಗಿಯಿತು. 1991ರ ಕೊಲ್ಲಿ ಯುದ್ಧದಲ್ಲಿ ಕುವೈತಿನ ನೂರಾರು ತೈಲಬಾವಿಗಳನ್ನು ಸ್ಫೋಟಿಸಲಾಯಿತು. ಮರುಭೂಮಿಯಲ್ಲಿ ಕಚ್ಚಾತೈಲದ ಸರೋವರಗಳೇ ನಿರ್ಮಾಣವಾದವು. ನೀರನ್ನು ಅರಸಿ ಬಂದ ಡ್ರ್ಯಾಗನ್ ಫ್ಲೈಗಳೂ ಇತರ ಕೀಟಗಳೂ ಅದರಲ್ಲಿ ಸಿಲುಕಿ ಸತ್ತವು. 1996ರಲ್ಲಿ ಇಬ್ಬರು ವಿಜ್ಞಾನಿಗಳು ಇದರ ಕಾರಣವನ್ನು ವಿವರಿಸಿದರು: ಆ ಕೀಟಗಳಿಗೆ ತೈಲವು ನೀರಿಗಿಂತಲೂ ಹೆಚ್ಚು ನೀರಿನಂತೆ ಕಂಡಿತ್ತು. ಯುದ್ಧದ ಬೆಲೆ ತೆರುವವರ ಪಟ್ಟಿಯಲ್ಲಿ ಇಂತಹ ಮೂಕಜೀವಿಗಳ ಹೆಸರು ಎಲ್ಲಿಯೂ ಬರುವುದಿಲ್ಲ.

2021ರ ಡಿಸೆಂಬರಿನಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಮೊದಲ ಬಾರಿಗೆ ಜಗತ್ತಿನ ಎಲ್ಲ ಡ್ರ್ಯಾಗನ್ ಫ್ಲೈ ಹಾಗೂ ಡ್ಯಾಮ್ಸೆಲ್ ಫ್ಲೈಗಳ ಸ್ಥಿತಿಗತಿಯ ವರದಿ ನೀಡಿತು. ಪರಿಶೀಲಿಸಿದ 6,016 ಜಾತಿಗಳಲ್ಲಿ ನೂರಕ್ಕೆ 16ರಷ್ಟು ಅಳಿವಿನ ಅಂಚಿನತ್ತ ಸಾಗುತ್ತಿವೆ. ಮುಖ್ಯ ಕಾರಣ: ಶುದ್ಧ ನೀರಿನ ತಾಣಗಳ ನಾಶ.

ನಾವೇನು ಮಾಡಬಹುದು?

1990ರಲ್ಲಿ ಪ್ರಕಟವಾದ ಒಂದು ಪ್ರಯೋಗ ಗಮನಾರ್ಹ. ಮ್ಯಾನ್ಮಾರಿನ ಯಾಂಗೂನ್ ನಗರದಲ್ಲಿ ಜನರ ಸಹಕಾರದೊಂದಿಗೆ ಮನೆಗಳ ನೀರಿನ ಪಾತ್ರೆಗಳಿಗೆ ಡ್ರ್ಯಾಗನ್ ಫ್ಲೈ ಮರಿಗಳನ್ನು ಬಿಡಲಾಯಿತು. ಡೆಂಗಿ ಹರಡುವ ಸೊಳ್ಳೆಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಹಾಗೆಂದು ಮನೆಯಲ್ಲಿ ನೀರು ನಿಲ್ಲಿಸಿ ಈ ಕೀಟ ಬರಲೆಂದು ಕಾಯುವುದು ಸರಿಯಲ್ಲ. ಟೈರು, ಚಿಪ್ಪು, ಹೂಕುಂಡದ ತಟ್ಟೆಗಳಲ್ಲಿ ನಿಂತ ನೀರನ್ನು ಚೆಲ್ಲಲೇಬೇಕು. ಆದರೆ ಕೆರೆ, ಮದಗ, ತೋಡುಗಳಿಗೆ ಕಸ, ಎಣ್ಣೆ, ಕೀಟನಾಶಕ ಸುರಿದಾಗ ಮೊದಲು ನಾಶವಾಗುವುದು ನಮ್ಮ ಈ ಮಿತ್ರರೇ. ಬೇಗ ಮರಿಮಾಡುವ ಸೊಳ್ಳೆ ಕೆಲವೇ ದಿನಗಳಲ್ಲಿ ಮರಳಿ ಬರುತ್ತದೆ, ತಿಂಗಳುಗಟ್ಟಲೆ ನೀರಿನಲ್ಲಿ ಬೆಳೆಯಬೇಕಾದ ಡ್ರ್ಯಾಗನ್ ಫ್ಲೈ ಬರುವುದಿಲ್ಲ.

ಹಿತ್ತಿಲ ಕೆರೆಯನ್ನು ಮಣ್ಣು ಹಾಕಿ ಮುಚ್ಚುವ ಮುನ್ನ ಎರಡು ಬಾರಿ ಯೋಚಿಸೋಣ. ಹಳೆಯ ಮಸೀದಿಗಳ ಕೊಳಗಳನ್ನು ಶುಚಿಯಾಗಿ ಉಳಿಸಿಕೊಳ್ಳೋಣ. ದಡದ ಹುಲ್ಲನ್ನು ಪೂರ್ತಿ ಕೆತ್ತಿ ಹಾಕದಿರೋಣ, ರೆಕ್ಕೆ ಮೂಡುವಾಗ ಆಸರೆಯಾಗುವುದು ಅದೇ ಹುಲ್ಲು ಕಡ್ಡಿ. ಮಕ್ಕಳಿಗೆ ಈ ಕೀಟಗಳ ಹೆಸರು ಕಲಿಸುವ ಆಸಕ್ತಿಯುಳ್ಳವರಿಗೆ, ಕೆ. ಎ. ಸುಬ್ರಮಣಿಯನ್ ಅವರು ದಕ್ಷಿಣ ಭಾರತದ ಡ್ರ್ಯಾಗನ್ ಫ್ಲೈಗಳ ಬಗ್ಗೆ ಬರೆದು 2005ರಲ್ಲಿ ಬೆಂಗಳೂರಿನಿಂದ ಹೊರಬಂದ ಚಿತ್ರಸಹಿತ ಇಂಗ್ಲಿಷ್ ಕೈಪಿಡಿ ನೆರವಾದೀತು.

ಪವಿತ್ರ ಕುರ್‌ಆನಿನ ಅಧ್ಯಾಯಗಳಿಗೆ ಜೇನ್ನೊಣ, ಇರುವೆ, ಜೇಡಗಳ ಹೆಸರುಗಳಿವೆ. ಸೊಳ್ಳೆಯ ಪ್ರಸ್ತಾಪವೂ ಅದರಲ್ಲಿದೆ. ಏರೋಪ್ಲೇನ್ ಚಿಟ್ಟೆಯ ಹೆಸರು ಅಲ್ಲಿಲ್ಲ. ಆದರೆ ಸೃಷ್ಟಿಯನ್ನು ನೋಡಿರಿ, ಚಿಂತಿಸಿರಿ ಎಂಬ ಕರೆ ಎಲ್ಲ ಜೀವಿಗಳಿಗೂ ಅನ್ವಯಿಸುವಂತಹದು. ಕೆಸರಿನಲ್ಲಿ ತೆವಳುವ ಒಂದು ಹುಳುವಿಗೆ ಸಾಗರ ದಾಟುವ ರೆಕ್ಕೆಗಳನ್ನು ಅಲ್ಲಾಹನು ಅನುಗ್ರಹಿಸಿದ್ದಾನೆ. ಅದು ಹುಟ್ಟಿ ಬೆಳೆಯುವ ಒಂದಿಷ್ಟು ಶುದ್ಧ ನೀರನ್ನು ಉಳಿಸಿಕೊಡುವ ಕೆಲಸವನ್ನು ನಮಗೆ ಬಿಟ್ಟಿದ್ದಾನೆ.